ಸ್ಕ್ರೂ ಕಂಡರೆ ತಪ್ಪೇನು: ಸಾಂತೋಸ್ ವಾಚಿನೊಂದಿಗೆ ಹಿರೇಹಡಗಲಿಯಲ್ಲಿ ನಡೆದ ಸಂದರ್ಶನ

ಕರ್ನಾಟಕದ ಇತ್ತೀಚಿನ ರಾಜಕೀಯ ಚರಿತ್ರೆಯನ್ನು ಬರೆಯಲು ಹೊರಡುವವರು ಭೂಸುಧಾರಣೆ, ಮೀಸಲಾತಿ, ನದಿನೀರಿನ ಹಂಚಿಕೆ ಎಂಬ ಅಧ್ಯಾಯಗಳ ಸಾಲಿಗೆ ಮುಂಗೈ ಎಂಬ ಅಧ್ಯಾಯವೊಂದನ್ನೂ ಸೇರಿಸಬೇಕಾದ ಅನಿವಾರ್ಯತೆ ಒದಗಿದೆ. 2016ರಲ್ಲಿ ಅಂದಿನ ಮುಖ್ಯಮಂತ್ರಿಗಳ ಮುಂಗೈಯ ಮೇಲೆ ಕಂಡ ಹ್ಯೂಬ್ಲೋಟ್ ವಾಚು ಸಭಾಧ್ಯಕ್ಷ ಕಾಗೋಡು ತಿಮ್ಮಪ್ಪನವರ ಕೈಸೇರಿ ಸರ್ಕಾರದ ಸ್ವತ್ತಾಗುವವರೆಗೆ ನಾಡಿಗೆ ಬೇರೆ ಮಾತೇ ಇರಲಿಲ್ಲ. 2025ರ ಡಿಸೆಂಬರ್ ಮೊದಲ ವಾರದಲ್ಲಿ ಮುಖ್ಯಮಂತ್ರಿಗಳೂ ಉಪಮುಖ್ಯಮಂತ್ರಿಗಳೂ ಜೊತೆಗೆ ಕುಳಿತು ತಿಂಡಿ ತಿಂದ ಚಿತ್ರ ಹೊರಬಿದ್ದಾಗ, ತಟ್ಟೆಯಲ್ಲಿದ್ದ ಇಡ್ಲಿ ಮತ್ತು ನಾಟಿಕೋಳಿ ಸಾರಿನ ರುಚಿಯನ್ನೋ ಕುರ್ಚಿ ಹಂಚಿಕೆಯ ಗುಟ್ಟನ್ನೋ ವಿಚಾರಿಸಬೇಕಾಗಿದ್ದ ಜನ ಎರಡೂ ಮುಂಗೈಗಳ ಮೇಲಿದ್ದ ಕಾರ್ಟಿಯರ್ ಕಂಪನಿಯ ಸಾಂತೋಸ್ ಮಾದರಿಯ ವಾಚುಗಳನ್ನು ದಿಟ್ಟಿಸತೊಡಗಿದರು. ಬೆಲೆ 43 ಲಕ್ಷ ದಾಟುತ್ತದೆ ಎಂದು ವಿರೋಧ ಪಕ್ಷದವರು ಲೆಕ್ಕ ಕೊಟ್ಟರು, ಅಫಿಡವಿಟ್ಟಿನಲ್ಲಿ ತೋರಿಸಲಾಗಿದೆಯೇ ಎಂಬ ಪ್ರಶ್ನೆ ಎದ್ದಿತು, ಸ್ವಂತ ಹಣದಿಂದ, ಅದೂ ಕ್ರೆಡಿಟ್ ಕಾರ್ಡಿನಲ್ಲಿ ಕೊಂಡದ್ದು ಎಂಬ ಸಮಜಾಯಿಷಿಯೂ ಬಂದಿತು. ಇಷ್ಟೆಲ್ಲ ಗದ್ದಲದ ನಡುವೆ ವಾಚನ್ನೇ ಕರೆದು ಕೂರಿಸಿ ಅದರ ಹೇಳಿಕೆಯನ್ನು ಪಡೆಯುವ ಸೌಜನ್ಯವನ್ನು ಯಾರೂ ತೋರದ ಕಾರಣ, ಆ ಕೊರತೆಯನ್ನು ತುಂಬುವ ಪ್ರಯತ್ನವೊಂದು ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿಯಲ್ಲಿ ನಡೆಯಿತು.

ಸಂದರ್ಶನಕ್ಕೆ ಒದಗಿದ ವಾಚು ಅಸಲಿ ಸಾಂತೋಸ್ ಅಲ್ಲ, ‘ಫಸ್ಟ್ ಕಾಪಿ’ ಎಂಬ ವರ್ಗಕ್ಕೆ ಸೇರಿದ್ದು, ಅಂದರೆ ಅಸಲಿಯನ್ನು ನೋಡದವರ ಮುಂದೆ ಅಸಲಿಯಾಗಿಯೇ ನಡೆದುಕೊಳ್ಳುವ ನಕಲು ಎಂಬುದನ್ನು ಆರಂಭದಲ್ಲಿಯೇ ಸ್ಪಷ್ಟಪಡಿಸುವುದು ಉಚಿತ. ಮೂಲ ಓಲೆಗರಿ ಕೈಗೆ ಸಿಗದಿದ್ದಾಗ ಸಿಕ್ಕ ಪ್ರತಿಯನ್ನೇ ಆಧಾರವಾಗಿಟ್ಟುಕೊಂಡು ಪಾಠ ನಿರ್ಣಯಿಸುವುದು ಗ್ರಂಥಸಂಪಾದನೆಯಲ್ಲಿ ಒಪ್ಪಿತವಾದ ಕ್ರಮವೇ ಆಗಿರುವುದರಿಂದ ಈ ಆಯ್ಕೆಗೆ ವಿದ್ವಾಂಸರ ಆಕ್ಷೇಪ ಇರಲಾರದು. ವಾಚಿನ ಕಡೆಯಿಂದಲಂತೂ ಅಂತಹ ಸಂಕೋಚ ಲವಲೇಶವೂ ಕಂಡುಬರಲಿಲ್ಲ, ಏಕೆಂದರೆ ಅದು ಮಾತಿನುದ್ದಕ್ಕೂ ‘ನಮ್ಮ ವಂಶ’ ಎಂಬ ಪದವನ್ನೇ ಬಳಸುತ್ತಿತ್ತು.

ವಾಚಿನ ಅಂದಚೆಂದದ ಬಗ್ಗೆ ಊರಿನ ಅಭಿಪ್ರಾಯ ಇಬ್ಭಾಗವಾಗಿದ್ದ ಬಗೆಯನ್ನು ಅರಿಯಲು ಕೆಲವು ಪರಿಭಾಷೆಗಳು ಬೇಕಾಗುತ್ತವೆ. ಸಮಾರಂಭಗಳಿಗೆ ಕಟ್ಟುವ, ಅಂಗಿಯ ತೋಳಿನೊಳಗೆ ಸದ್ದಿಲ್ಲದೆ ಜಾರುವಷ್ಟು ತೆಳುವಾದ, ಅಲಂಕಾರ ಕಡಿಮೆ ಇರುವ ವಾಚನ್ನು ಆ ವ್ಯಾಪಾರದಲ್ಲಿ ಡ್ರೆಸ್ ವಾಚು ಎನ್ನುತ್ತಾರೆ. ಗಾಜಿನ ಸುತ್ತ ಕೂರಿಸಿದ ಲೋಹದ ಚೌಕಟ್ಟಿಗೆ ಬೆಝೆಲ್ ಎಂಬ ಹೆಸರಿದೆ. ಸಾಂತೋಸ್ ವಾಚಿನ ಮುಖ ಗುಂಡಗಿಲ್ಲ, ಚೌಕವಾಗಿದೆ, ಅದರ ಬೆಝೆಲ್ ಮೇಲೆ ಎಂಟು ಸ್ಕ್ರೂಗಳ ತಲೆಗಳು ಯಾವ ಮುಚ್ಚುಮರೆಯೂ ಇಲ್ಲದೆ ಕಾಣುತ್ತವೆ, ಅವು ಸಾಲದೆಂಬಂತೆ ಲೋಹದ ಪಟ್ಟಿಯ ಮೇಲೂ ಸ್ಕ್ರೂಗಳು ಸಾಲುಗಟ್ಟಿವೆ. ಇಂಥದನ್ನು ಡ್ರೆಸ್ ವಾಚು ಎನ್ನಬಹುದೇ ಎಂಬುದೇ ವಾದದ ಕೇಂದ್ರ. ಹಿರೇಹಡಗಲಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವರೊಬ್ಬರು “ಬಿಚ್ಚಾಕ ಬರ್ತೈತಲ್ಲ, ಅದಾ ವಾಚು” ಎಂದು ಪೂರ್ಣ ಅಂಕ ಕೊಟ್ಟರೆ, ಬಂಗಾರದ ಕೆಲಸದವರೊಬ್ಬರು “ಬಂಗಾರದ ಮ್ಯಾಲೆ ಮೊಳಿ ತಲಿ ಕಾಣಿಸಿದ್ರ ಗಿರಾಕಿ ಅಂಗಡಿ ಮೆಟ್ಲ ಹತ್ತಲ್ರೀ” ಎಂದು ಮೂಗು ಮುರಿದರು. ಅಳಿಯನಿಗೆ ವಾಚು, ಉಂಗುರ ಹಾಕುವ ಪದ್ಧತಿ ಇನ್ನೂ ಉಳಿದಿರುವ ಈ ಸೀಮೆಯಲ್ಲಿ, ಮಗಳ ಮದುವೆ ಗೊತ್ತಾಗಿದ್ದ ಯಜಮಾನರೊಬ್ಬರು ಮಾತ್ರ ವಾಚನ್ನು ತಿರುಗಿಸಿ ಮುರುಗಿಸಿ ನೋಡಿ, ಬೀಗರ ಕಡೆಯವರು ಇದನ್ನು ನೋಡುವ ಮುನ್ನ ಒಳಗಿಡುವುದು ಒಳ್ಳೆಯದೆಂದು ಸೂಚಿಸಿದರು.

ಕಲ್ಯಾಣದ ಚಾಲುಕ್ಯರ ಕಾಲದ, 11ನೆಯ ಶತಮಾನದ ಕಲ್ಲೇಶ್ವರ ದೇವಾಲಯದ ಅಂಗಳದಲ್ಲಿ ಸಂದರ್ಶನ ಆರಂಭವಾದಾಗ, ಬೆಲೆ ಎಷ್ಟು, ಕೊಟ್ಟವರು ಯಾರು, ರಸೀದಿ ಎಲ್ಲಿದೆ ಎಂಬ ಮೂರು ಪ್ರಶ್ನೆಗಳನ್ನು ವಾಡಿಕೆಯಂತೆ ಮುಂದಿಡಲಾಯಿತು. ವಾಚು ಮೂರನ್ನೂ ಕೇಳಿಸಿಕೊಳ್ಳಲಿಲ್ಲ. ತನ್ನ ಮುಖದ ಮೇಲಿನ ಎಂಟು ಸ್ಕ್ರೂಗಳ ಬಗ್ಗೆ ಯಾರೂ ಗಂಭೀರವಾಗಿ ಬರೆದಿಲ್ಲವೆಂಬ ದುಃಖದಿಂದ ಅದು ಮಾತು ತೆಗೆಯಿತು. ಅದರ ಕಥನದಂತೆ, ಪ್ಯಾರಿಸ್ಸಿನಲ್ಲಿ ನೆಲೆಸಿದ್ದ ಬ್ರೆಜಿಲ್ ದೇಶದ ವಿಮಾನಸಾಹಸಿ ಆಲ್ಬರ್ಟೋ ಸಾಂತೋಸ್-ದುಮೋನ್, ಎರಡೂ ಕೈಗಳು ಯಂತ್ರದ ಮೇಲಿರುವಾಗ ಜೇಬಿನಿಂದ ಗಡಿಯಾರ ತೆಗೆದು ನೋಡುವುದು ಆಗದ ಮಾತೆಂದು ಗೆಳೆಯ ಲೂಯಿ ಕಾರ್ಟಿಯರ್ ಬಳಿ ಹೇಳಿಕೊಂಡಾಗ, 1904ರಲ್ಲಿ ಆತನಿಗಾಗಿ ಕೈಗೆ ಕಟ್ಟುವ ಈ ಚೌಕ ವಾಚು ಸಿದ್ಧವಾಯಿತು, 1911ರಿಂದ ಅದು ಅಂಗಡಿಗೂ ಬಂದಿತು. ಹಾಗಿರುವಾಗ ಸ್ಕ್ರೂ ಎಂಬುದು ನಾಚಿಕೆಯ ವಸ್ತುವಲ್ಲ, ದುಡಿಮೆಯ ಗುರುತು ಎಂಬುದು ವಾಚಿನ ವಾದ. ಅದೇ ಸಾಂತೋಸ್-ದುಮೋನ್ 1901ರಲ್ಲಿ ವಾಯುನೌಕೆಯಲ್ಲಿ ಐಫೆಲ್ ಗೋಪುರವನ್ನು ಸುತ್ತಿಬಂದು ಗೆದ್ದ ಬಹುಮಾನವನ್ನು ತನ್ನ ಕೆಲಸಗಾರರಿಗೂ ಪ್ಯಾರಿಸ್ಸಿನ ಬಡವರಿಗೂ ಹಂಚಿಬಿಟ್ಟಿದ್ದನೆಂಬುದನ್ನು ಸಂದರ್ಶಕರು ನೆನಪಿಸಿದಾಗ, ಅದು ವಿನ್ಯಾಸಕ್ಕೆ ಸಂಬಂಧಪಟ್ಟ ವಿಷಯವಲ್ಲವೆಂದು ವಾಚು ತಳ್ಳಿಹಾಕಿತು.

ಈ ಹಂತದಲ್ಲಿ ಸಂದರ್ಶಕರ ದೃಷ್ಟಿ ಡಯಲ್ಲಿನ ನಡುವೆ, ರೋಮನ್ ಅಂಕಿಗಳ ಒಳಬದಿಯಲ್ಲಿ ಎರಡು ಸಣ್ಣ ಗೆರೆಗಳ ನಡುವೆ ಅಡ್ಡಪಟ್ಟಿಗಳನ್ನು ಹಾಕಿ ನಿಮಿಷಗಳನ್ನು ಗುರುತಿಸಿದ್ದ ಚೌಕದ ಮೇಲೆ ನೆಟ್ಟಿತು. ಅದಕ್ಕೆ ಏನೆನ್ನುತ್ತಾರೆ ಎಂದು ಕೇಳಿದ್ದಕ್ಕೆ ವಾಚು, ಯಾವ ಅಪಾಯವನ್ನೂ ಊಹಿಸದೆ, ರೈಲುಹಳಿ ಎನ್ನುತ್ತಾರೆ ಎಂದು ಉತ್ತರಿಸಿತು. ಅಲ್ಲಿಂದ ಮುಂದೆ ಸಂದರ್ಶನದ ದಿಕ್ಕೇ ಬದಲಾಯಿತು. ಹೊಸಪೇಟೆಯಿಂದ ಕೊಟ್ಟೂರಿಗೆ ಬ್ರಿಟಿಷರ ಕಾಲದಲ್ಲಿಯೇ ಹಳಿ ಬಿದ್ದಿತ್ತೆಂಬುದು ವಾಚಿಗೆ ತಿಳಿದಿದೆಯೇ, ಆ ಮಾರ್ಗವನ್ನು ಬ್ರಾಡ್‌ಗೇಜಿಗೆ ಬದಲಿಸಿ, ಹರಪನಹಳ್ಳಿಯ ಮೇಲೆ ಹರಿಹರದವರೆಗೆ ಬೆಳೆಸಿದ ಮೇಲೂ ಜನ ಪ್ಯಾಸೆಂಜರ್ ರೈಲು ಹತ್ತಲು 2019ರವರೆಗೆ ಕಾಯಬೇಕಾಯಿತೆಂಬುದನ್ನು ಅದು ಬಲ್ಲುದೇ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಹರಪನಹಳ್ಳಿ ಮೂರಕ್ಕೂ ನಿಲ್ದಾಣವಿರುವಾಗ ಹಡಗಲಿ ತಾಲ್ಲೂಕು ಮಾತ್ರ ಹಳಿಯಿಂದ ಹೊರಗೇಕೆ ಉಳಿಯಿತು, ಡಯಲ್ಲಿನಷ್ಟು ಸಣ್ಣ ಜಾಗದಲ್ಲಿ ಇಷ್ಟು ಅಚ್ಚುಕಟ್ಟಾಗಿ ಹಳಿ ಹಾಕಬಲ್ಲವರು ಹೂವಿನಹಡಗಲಿಯ ಮೇಲೊಂದು ಮಾರ್ಗ ಹಾಕಿಕೊಡಲಾರರೇ ಎಂದು ಒಂದರ ಹಿಂದೊಂದು ಪ್ರಶ್ನೆಗಳು ಬಂದವು. ಈ ಪ್ರಶ್ನೆಗಳಿಗೂ ವಾಚಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂದರ್ಶಕರನ್ನು ಬಲ್ಲವರು ಕೇಳುವುದಿಲ್ಲ, ಏಕೆಂದರೆ ಮದುವೆಯ ಪಂಕ್ತಿಯಲ್ಲಿ ಕೂತರೂ ಅವರ ಮಾತು ಪಾಯಸ ಬರುವಷ್ಟರಲ್ಲಿ ರೈಲಿಗೆ ಬಂದಿರುತ್ತದೆ. ವಾಚಿನ ಉತ್ತರ ಚಿಕ್ಕದಾಗಿತ್ತು: ತನ್ನ ಹಳಿಯ ಮೇಲೆ ಯಾವ ನಿಲ್ದಾಣವೂ ಇಲ್ಲ, ಇರಬೇಕೆಂಬ ಬೇಡಿಕೆಯೂ ಈವರೆಗೆ ಬಂದಿಲ್ಲ.

ಬಳಿಕ ಅದು ತನ್ನ ನಿಜವಾದ ಹಗೆತನದ ವಿಷಯಕ್ಕೆ ಬಂದಿತು. ಆ ಹಗೆತನ ಪತ್ರಕರ್ತರ ಮೇಲಲ್ಲ, ವಿರೋಧ ಪಕ್ಷದ ಮೇಲಲ್ಲ, ಕಸ್ಟಮ್ಸ್ ಇಲಾಖೆಯ ಮೇಲೆಯೂ ಅಲ್ಲ. ಅದು ಹ್ಯೂಬ್ಲೋಟ್ ಮೇಲೆ. 1904ರ ಸ್ಕ್ರೂವನ್ನು ಕಂಡು ನಕ್ಕ ಜನವೇ 1972ರಲ್ಲಿ ಔಡೆಮಾರ್ಸ್ ಪಿಗೆ ಕಂಪನಿಗಾಗಿ ಜೆರಾಲ್ಡ್ ಜೆಂಟಾ ಎಂಬ ವಿನ್ಯಾಸಕಾರ ಎಂಟು ಮೂಲೆಯ ಬೆಝೆಲ್ ಮೇಲೆ ಎಂಟು ಸ್ಕ್ರೂ ಕೂರಿಸಿದ ರಾಯಲ್ ಓಕ್ ವಾಚನ್ನು ಕಂಡು ಕ್ರಾಂತಿ ಎಂದು ಹೊಗಳಿತು, ಅದನ್ನಾದರೂ ಹೇಗೋ ಸಹಿಸಬಹುದು. ಆದರೆ 1980ರಲ್ಲಿ ಹುಟ್ಟಿ 2005ರಲ್ಲಿ ಬಿಗ್ ಬ್ಯಾಂಗ್ ಮಾದರಿಯನ್ನು ತಂದ ಹ್ಯೂಬ್ಲೋಟ್ ಕಂಪನಿ ಇಂಗ್ಲಿಷಿನ ಎಚ್ ಅಕ್ಷರದ ಆರು ಸ್ಕ್ರೂಗಳನ್ನು ಬೆಝೆಲ್ ಮೇಲೆ ಹಾಕಿ, ಆ ಆರನ್ನೂ ಒಂದೊಂದು ದಿಕ್ಕಿಗೆ ತಿರುಗಿಸಿ ಬಿಟ್ಟಿರುವುದನ್ನು ಶಿಸ್ತಿನ ವಂಶದಲ್ಲಿ ಹುಟ್ಟಿದ ಯಾವ ವಾಚೂ ಸಹಿಸಲಾರದು ಎಂದು ಅದು ಸಿಡುಕಿತು. ಸ್ಕ್ರೂಗಳ ಗೀರು ಒಂದೇ ನೇರಕ್ಕೆ ನಿಲ್ಲದಿರುವುದು ವಾಚುಪ್ರಿಯರ ವಲಯದಲ್ಲಿ ನಿಜವಾಗಿಯೂ ಬಹುಕಾಲದ ತಕರಾರು. ಅದು ದೋಷವಲ್ಲವೆಂದೂ, ಬಿಗಿಮಾಡಿದಾಗ ಸ್ಕ್ರೂ ಎಲ್ಲಿ ನಿಲ್ಲುತ್ತದೋ ಅಲ್ಲಿಯೇ ನಿಲ್ಲುವುದು ಪ್ರಾಮಾಣಿಕತೆಯೆಂದೂ ಎದುರುವಾದವಿದೆ. ಈ ಎದುರುವಾದವನ್ನು ಮುಂದಿಟ್ಟ ಸಂದರ್ಶಕರನ್ನು ವಾಚು ಮಾತಿನ ನಡುವೆಯೇ ತಡೆದು, 2016ರ ಗದ್ದಲದಲ್ಲಿ ಇಡೀ ಕರ್ನಾಟಕ ಆ ವಾಚಿನ ವಜ್ರಗಳನ್ನು ಎಣಿಸಿತೇ ಹೊರತು ಸ್ಕ್ರೂಗಳ ದಿಕ್ಕನ್ನು ಒಬ್ಬ ಶಾಸಕನೂ ಗಮನಿಸಲಿಲ್ಲ, ಸದನ ಸಮಿತಿಯೊಂದು ರಚನೆಯಾಗಬೇಕಿದ್ದದ್ದು ಅದಕ್ಕೆ ಎಂದಿತು. ಹ್ಯೂಬ್ಲೋಟ್ ಮೊದಲು ಬಂದು ಹೆಸರು ಕೆಡಿಸಿದ್ದರಿಂದಲೇ ತನ್ನ ಪ್ರವೇಶಕ್ಕೆ ಈ ನಾಡಿನಲ್ಲಿ ಸಿಗಬೇಕಾದ ಸೌಂದರ್ಯ ವಿಮರ್ಶೆ ಸಿಗದೆ, ಕೇವಲ ಲೆಕ್ಕಪರಿಶೋಧನೆ ಸಿಕ್ಕಿತು ಎಂಬ ಕೊರಗು ಅದಕ್ಕಿದೆ. ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ಸದ್ದಲೇ, ಅಂದರೆ ಸದ್ದು ಮಾಡಬೇಡಿ, ಎಂದಾಗ ಲಕ್ಷ ಜನ ಉಸಿರು ಬಿಗಿಹಿಡಿದು ಒಂದೇ ಒಂದು ಸಾಲಿನ ಕಾರ್ಣಿಕದ ಭವಿಷ್ಯವಾಣಿಗೆ ಕಿವಿಗೊಡುವ ಸೀಮೆ ಇದು. ವಾಚಿನ ಈ ಪ್ರವಚನವನ್ನು ತಡೆಯಲು ಅಂತಹ ಗೊರವಯ್ಯನೊಬ್ಬ ಆ ಹೊತ್ತಿಗೆ ಅಂಗಳದಲ್ಲಿ ಇರಲಿಲ್ಲವೆಂಬುದು ವಿಷಾದದ ಸಂಗತಿ.

2016 ಎಂಬ ಇಸವಿ ಮಾತಿನಲ್ಲಿ ಬಂದುದರಿಂದ ಆ ವರ್ಷದ ಇನ್ನೊಂದು ವಾಚಿನ ಸುದ್ದಿಯನ್ನು ಇಲ್ಲಿ ಹೇಳಲೇಬೇಕಾಗುತ್ತದೆ. ಹ್ಯೂಬ್ಲೋಟ್ ಗದ್ದಲ ಎದ್ದದ್ದು ಆ ವರ್ಷದ ಫೆಬ್ರುವರಿಯಲ್ಲಿ. ಅದಕ್ಕೂ ಮೊದಲು, ಜನವರಿಯಲ್ಲಿ, ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತ್ತು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ, ತುಮಕೂರಿಗೂ ಹಬ್ಬಿ, ಜನತಾ, ಸೋನಾ, ಕಾಂಚನ್ ಎಂಬ ಹೆಸರುಗಳಲ್ಲಿ ಮೇಷ್ಟ್ರು, ಕಂಡಕ್ಟರು, ಗುಮಾಸ್ತರು, ಹೊಸ ಅಳಿಯಂದಿರು ಎಲ್ಲರ ಕೈಯನ್ನೂ ತುಂಬಿದ ಕಾರ್ಖಾನೆ ಅದು. ಲಕ್ಷಾಂತರ ಮುಂಗೈಗಳಿಗೆ ವಾಚು ಕಟ್ಟಿದ ಕಾರ್ಖಾನೆಗೆ ಬೀಗ ಬೀಳುವ ಹೊತ್ತಿನಲ್ಲಿ ನಾಡು ಒಂದು ಮುಂಗೈಯನ್ನು ನೋಡುತ್ತ ಕುಳಿತಿತ್ತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋಗೆ ಹೋಯಿತು, ಬೆಂಗಳೂರಿನ ಜಮೀನು ಅರಣ್ಯದ್ದೋ ಕಂಪನಿಯದ್ದೋ ಎಂಬ ಜಗಳ ರಾಜ್ಯ ಸರ್ಕಾರಕ್ಕೂ ಕೇಂದ್ರಕ್ಕೂ ನಡುವೆ ನಡೆದಿದೆ. ಅಂದು ಹ್ಯೂಬ್ಲೋಟ್ ವಿಷಯ ಎತ್ತಿದ ಎಚ್.ಡಿ. ಕುಮಾರಸ್ವಾಮಿಯವರೇ 2024ರಲ್ಲಿ ಎಚ್‌ಎಂಟಿಯೂ ಸೇರಿದ ಭಾರೀ ಕೈಗಾರಿಕೆ ಖಾತೆಯ ಕೇಂದ್ರ ಸಚಿವರಾದರು.

2025ರ ಮುಂಗೈ ದರ್ಶನದ ಹೊತ್ತಿನಲ್ಲಿ ಕಾಣದೆ ಹೋದದ್ದು ಮೆಕ್ಕೆಜೋಳ. 2025-26ನೇ ಸಾಲಿಗೆ ಮೆಕ್ಕೆಜೋಳಕ್ಕೆ ಕೇಂದ್ರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ. ನವೆಂಬರಿನಲ್ಲಿ ಫಸಲು ಮಾರುಕಟ್ಟೆಗೆ ಬಂದಾಗ ದರ ಎರಡು ಸಾವಿರವನ್ನೂ ಮುಟ್ಟಲಿಲ್ಲ. ಹೊಳೆಯಾಚೆಯ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕೂತರು, ರಾಜ್ಯ ಕೇಂದ್ರದ ಕಡೆಗೆ ಬೆರಳು ಮಾಡಿತು, ಕೇಂದ್ರ ರಾಜ್ಯದ ಕಡೆಗೆ ಮಾಡಿತು. ಮುಂಗಾರಿನಲ್ಲಿ ಯೂರಿಯಾಕ್ಕಾಗಿ ಸೊಸೈಟಿಗಳ ಮುಂದೆ ಸಾಲು ನಿಂತವರು, ಕಳೆ ತೆಗೆಸಿ, ತೆನೆ ಮುರಿಸಿ, ರಾಶಿಯಂತ್ರಕ್ಕೆ ಬಾಡಿಗೆ ಕೊಟ್ಟು, ಡಾಂಬರು ರಸ್ತೆಯ ಅರ್ಧವನ್ನೇ ಕಣ ಮಾಡಿಕೊಂಡು ಕಾಳು ಒಣಗಿಸಿದವರು, ಇಬ್ಬನಿಗೆ ತಾಡಪಾಲು ಹೊದಿಸಿ ರಾಶಿಯ ಮಗ್ಗುಲಲ್ಲಿಯೇ ಮಲಗಿದವರು, ಕೊನೆಗೆ ತೂಕದ ಮುಂದೆ ನಿಂತು ದಲ್ಲಾಳಿ ಹೇಳಿದ ದರಕ್ಕೆ ತಲೆಯಾಡಿಸಿ ಬಂದರು. ಪತ್ರಿಕೆಗಳಲ್ಲಿ ಬಂದ ವಾಚಿನ ಬೆಲೆಯನ್ನು ಬೆಂಬಲ ಬೆಲೆಯಿಂದ ಭಾಗಿಸಿದರೆ ಸುಮಾರು 1,800 ಕ್ವಿಂಟಾಲ್ ಮೆಕ್ಕೆಜೋಳವಾಗುತ್ತದೆ. ಬೆಂಬಲ ಬೆಲೆಯೇ ಸಿಗದ ಊರಿನಲ್ಲಿ ಈ ಭಾಗಾಕಾರಕ್ಕೂ ಅರ್ಥವಿಲ್ಲ. ವಾಚನ್ನು ಸ್ವಂತ ಹಣದಲ್ಲಿ ಕೊಂಡಿರಬಹುದು, ರಸೀದಿ ಇರಬಹುದು, ಅಫಿಡವಿಟ್ಟಿನಲ್ಲಿಯೂ ಇರಬಹುದು, ಅದು ಯಾವುದೂ ಇಲ್ಲಿನ ತಕರಾರಲ್ಲ. ಒಂದು ವಾಚಿನ ದರವನ್ನು ಸಾವಿರದವರೆಗೆ ಕರಾರುವಾಕ್ಕಾಗಿ ಹುಡುಕಿ ತೆಗೆಯಬಲ್ಲ ಪಕ್ಷಗಳು, ಅದಕ್ಕೆ ಅಷ್ಟೇ ಕರಾರುವಾಕ್ಕಾಗಿ ದಾಖಲೆ ತೆಗೆದು ತೋರಿಸಬಲ್ಲ ಅಧಿಕಾರಸ್ಥರು, ಕೊಟ್ಟೂರಿನ ಮಾರುಕಟ್ಟೆಯಲ್ಲಿ ಒಂದು ಚೀಲ ಮೆಕ್ಕೆಜೋಳ ಎಷ್ಟಕ್ಕೆ ಹೋಯಿತೆಂಬುದನ್ನು ಅದೇ ಉತ್ಸಾಹದಿಂದ ಯಾಕೆ ಹುಡುಕಲಿಲ್ಲ? ಡಿಸೆಂಬರ್ 8ರಂದು ಬೆಳಗಾವಿಯಲ್ಲಿ ಅಧಿವೇಶನ ಆರಂಭವಾಗುವ ಹೊತ್ತಿಗೆ ಈ ಸೀಮೆಯ ಎಷ್ಟೋ ಜನ ಸಣ್ಣ ಹಿಡುವಳಿದಾರರ ಮೆಕ್ಕೆಜೋಳ ಆಗಲೇ ಮಾರಿ ಹೋಗಿತ್ತು. ಸಾಲದ ಕಂತು ಕಾಯುವುದಿಲ್ಲ.

ವಾಚು ಅಷ್ಟು ಹೊತ್ತು ಸುಮ್ಮನಿತ್ತೆಂದು ಯಾರೂ ಭಾವಿಸಬಾರದು. ಅದು ಇನ್ನೂ ರಾಯಲ್ ಓಕ್ ಬಗ್ಗೆಯೇ ಮಾತನಾಡುತ್ತಿತ್ತು. ಮಾತನ್ನು ಹತ್ತಿರದ ವಸ್ತುವಿಗೆ ತರಲೆಂದು ಸಂದರ್ಶಕರು ಕಲ್ಲೇಶ್ವರನ ಬಾಗಿಲುವಾಡದ ಕಡೆ ಕೈ ತೋರಿಸಿದರು. ಬಾಗಿಲಿನ ಎರಡು ಮಗ್ಗುಲಲ್ಲಿ ಕೆಳಗಿನಿಂದ ಮೇಲಿನವರೆಗೆ ಏರುವ ಕೆತ್ತನೆಯ ಪಟ್ಟಿಗಳಿಗೆ ಶಿಲ್ಪಶಾಸ್ತ್ರದಲ್ಲಿ ಶಾಖೆಗಳೆಂಬ ಹೆಸರಿದೆ. ಬಳ್ಳಿಯೊಳಗೆ ಬಳ್ಳಿ ಸುತ್ತಿ, ಸುರುಳಿಯ ಹೊಟ್ಟೆಯೊಳಗೆ ಬೆರಳ ತುದಿಯಷ್ಟೇ ಗಾತ್ರದ ಆಕೃತಿಗಳನ್ನು ಕೂರಿಸಿದ ಆ ಪಟ್ಟಿಗಳಲ್ಲಿ ಒಂದು ಕಲ್ಲು ಮುಗಿದು ಇನ್ನೊಂದು ಆರಂಭವಾಗುವ ಜಾಗವನ್ನು ಹುಡುಕುವವರು ಉಗುರಿನಿಂದ ತಡವಿ ನೋಡಬೇಕಾಗುತ್ತದೆ. ಸಾವಿರ ವರ್ಷದ ಹಿಂದಿನವರು ಬೆಸುಗೆ ಕಾಣದಂತೆ ಇಷ್ಟೊಂದು ಜೋಡಿಸಿರುವಾಗ ಎಂಟು ಸ್ಕ್ರೂಗಳನ್ನು ಮುಚ್ಚಲು ಒಂದು ತಗಡು ಸಿಗಲಿಲ್ಲವೇ ಎಂಬ ಪ್ರಶ್ನೆಗೆ ವಾಚು ತುಸು ತಬ್ಬಿಬ್ಬಾಯಿತಾದರೂ, ದೇವಾಲಯವನ್ನು ಯಾರೂ ಸರ್ವೀಸಿಗೆ ಬಿಚ್ಚುವುದಿಲ್ಲ ಎಂದು ಚುರುಕಾಗಿಯೇ ಉತ್ತರಿಸಿತು. ಉತ್ತರ ಸಮರ್ಪಕವಾಗಿತ್ತೆಂದು ಒಪ್ಪಬೇಕು. ಆ ಉತ್ಸಾಹದಲ್ಲಿ ಅದು ನಾಲ್ಕು ಎಂಬ ಅಂಕಿಯನ್ನು ಈಗಿನ ವಾಡಿಕೆಯ ರೋಮನ್ ಕ್ರಮದಂತೆ ಬರೆಯದೆ ನಾಲ್ಕು ಗೆರೆ ಎಳೆದು ತೋರಿಸುವ ತಮ್ಮ ವಂಶದ ಸಂಪ್ರದಾಯವನ್ನೂ, ಅಂಕಿಯೊಂದರ ಗೆರೆಯೊಳಗೆ ಕಂಪನಿಯ ಹೆಸರನ್ನು ಬರಿಗಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣದಾಗಿ ಬರೆದಿರುವ ಗುಟ್ಟನ್ನೂ ವಿವರಿಸಿತು. ಸ್ಕ್ರೂಗಳನ್ನು ಇಷ್ಟು ದೊಡ್ಡದಾಗಿ ತೋರಿಸಿ ಹೆಸರನ್ನು ಇಷ್ಟು ಸಣ್ಣದಾಗಿ ಬಚ್ಚಿಡುವುದೇಕೆಂದು ಕೇಳಬೇಕಿತ್ತು. ಆದರೆ ಸಂದರ್ಶಕರು ಕೇಳಿದ್ದು, ಗೂಡ್ಸ್ ಗಾಡಿಗೆ ಹಳಿ ಬಿಟ್ಟುಕೊಡಲು ಪ್ಯಾಸೆಂಜರ್ ಗಾಡಿಯನ್ನು ನಿಲ್ದಾಣದಲ್ಲಿ ನಿಲ್ಲಿಸುವುದು ನ್ಯಾಯವೇ ಎಂದು.

ಸಂಶೋಧನೆಯ ಶಿಸ್ತಿಗೆ ಅನುಗುಣವಾಗಿ ಹೇಳಿಕೆಯನ್ನು ಭೌತಿಕ ಸಾಕ್ಷ್ಯದೊಂದಿಗೆ ತಾಳೆ ನೋಡಲು ವಾಚನ್ನು ಬಸ್‌ಸ್ಟ್ಯಾಂಡಿನ ಬಳಿ ವಾಚು ರಿಪೇರಿ ಮಾಡುವವರೊಬ್ಬರ ಬಳಿಗೆ ಒಯ್ಯಲಾಯಿತು. ಮೂರು ಕಡೆ ಗಾಜಿರುವ ಚಿಕ್ಕ ಪೆಟ್ಟಿಗೆಯ ಹಿಂದೆ, ಬಿಚ್ಚಿದ ಗೋಡೆ ಗಡಿಯಾರಗಳು, ಪಟ್ಟಿ ಹರಿದ ವಾಚುಗಳು, ಹಳೆಯ ಸೋನಾವೊಂದು, ಇವುಗಳ ನಡುವೆ ಕೂತಿದ್ದ ಅವರು ಬಲಗಣ್ಣಿಗೆ ಭೂತಗನ್ನಡಿಯನ್ನು ಸಿಕ್ಕಿಸಿಕೊಂಡು, ಎಲ್ಲಕ್ಕಿಂತ ಸಣ್ಣ ಸ್ಕ್ರೂಡ್ರೈವರನ್ನು ಆರಿಸಿ, ಮೊದಲನೆಯ ಸ್ಕ್ರೂವಿನ ಗೀರಿಗೆ ಇಟ್ಟು ತಿರುಗಿಸಿದರು. ಅದು ತಿರುಗಲಿಲ್ಲ. ಎರಡನೆಯದೂ ತಿರುಗಲಿಲ್ಲ. ಎಂಟನ್ನೂ ಮುಟ್ಟಿ ನೋಡಿದ ಮೇಲೆ ಅವರು ಕನ್ನಡಿ ತೆಗೆದು, “ಇವು ಸ್ಕ್ರೂನ ಅಲ್ರೀ, ಅಚ್ಚು ಹೊಡೆದಾರ; ಒಳಗ ಸೆಲ್ಲಿನ ಮಿಷನ್ನು” ಎಂದು ತೀರ್ಪು ಕೊಟ್ಟರು. ವಂಶದ ಗೌರವವಿಡೀ ಈ ಎಂಟು ತಲೆಗಳ ಮೇಲೆ ನಿಂತಿದ್ದರೂ ವಾಚು ಎದೆಗುಂದಲಿಲ್ಲ. ತಿರುಗದೆ ನಿಂತಿರುವುದರಿಂದಲೇ ತನ್ನ ಸ್ಕ್ರೂಗಳ ಗೀರುಗಳು ಹ್ಯೂಬ್ಲೋಟಿನಂತೆ ಎಂದೂ ದಿಕ್ಕು ತಪ್ಪಲಾರವು ಎಂದು ಅದು ವಾದಿಸಿತು.

ಸೆಲ್ಲು ಹೇಗೂ ಮುಗಿಯುವ ಹಂತದಲ್ಲಿದೆ, ಹೊಸದು ಹಾಕಲು ಎಂಬತ್ತು ರೂಪಾಯಿ ಆಗುತ್ತದೆ ಎಂದು ರಿಪೇರಿಯವರು ತಿಳಿಸಿದಾಗ, ಅಲ್ಲಿಯವರೆಗೆ ಬೆಲೆಯ ಮಾತನ್ನೇ ಎತ್ತಗೊಡದಿದ್ದ ವಾಚು ದನಿ ಏರಿಸಿ, ಹೊಸಪೇಟೆಯಲ್ಲಾದರೆ ಐವತ್ತಕ್ಕೆ ಹಾಕಿಕೊಡುತ್ತಾರೆ, ತಾನು ಅಲ್ಲಿಗೇ ಹೋಗುವುದಾಗಿ ಹೇಳಿತು. ಇಲ್ಲಿಂದ ಹೊಸಪೇಟೆಗೆ ಯಾವ ರೈಲಿನಲ್ಲಿ ಹೋಗುವ ಅಂದಾಜಿದೆ ಎಂದು ಸಂದರ್ಶಕರು ಕೇಳಿದರು.